21ಕ್ಕೇ ಸುಕ್ಕಿನ ಚಿಂತೆ: ನಮ್ಮೂರ ಬಿಸಿಲಲ್ಲಿ ಮುಖಕ್ಕೆ ಏನು ಬೇಕು, ಏನು ಬೇಡ?

ಹೋದ ತಿಂಗಳು ಒಂದು ಭಾನುವಾರ ತಂಗಿಯ ಮಗಳು ಊಟಕ್ಕೆ ಬಂದಿದ್ದಳು. ದಾವಣಗೆರೆಯಲ್ಲೇ ಓದುತ್ತಾಳೆ, ಪಿ.ಜೆ. ಬಡಾವಣೆಯ ಒಂದು ಪಿ.ಜಿ.ಯಲ್ಲಿ ಇದ್ದಾಳೆ. ಮಧ್ಯಾಹ್ನ ಒಂದು ಗಂಟೆಯ ಉರಿಬಿಸಿಲಲ್ಲಿ ಸ್ಕೂಟಿ ಓಡಿಸಿಕೊಂಡು ಬಂದವಳು, ಊಟ ಮುಗಿಸಿ ಬ್ಯಾಗಿನಿಂದ ಒಂದು ಪೌಚ್ ತೆಗೆದು ಮಂಚದ ಮೇಲೆ ಸುರಿದಳು. ಏಳು ಬಾಟಲಿ. ಎಲ್ಲವೂ ಬೆರಳುದ್ದ, ಡ್ರಾಪರ್ ಮುಚ್ಚಳದವು. "ದೊಡ್ಡಮ್ಮ, ಇದು ಬೆಳಿಗ್ಗೆಗೆ, ಇದು ರಾತ್ರಿಗೆ, ಇದು ವಾರಕ್ಕೆ ಎರಡು ಸಲ. ಇದು ಮಾತ್ರ ಆಂಟಿ-ಏಜಿಂಗ್, ರೆಟಿನಾಲ್."

ಅವಳಿಗೆ ಈಗ 21. ಪಕ್ಕದಲ್ಲಿ ಬೆಳ್ಳುಳ್ಳಿ ಬಿಡಿಸುತ್ತಾ ಕೂತಿದ್ದ ನಮ್ಮ ಅವ್ವ ತಲೆ ಎತ್ತಿ, "ಮುದುಕಿ ಆಗೋಕೆ ಇನ್ನೂ ಐವತ್ತು ವರ್ಷ ಐತಲ್ಲೇ" ಅಂದಳು.

ನಾನು ಬಾಟಲಿಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದೆ. ಏಳರಲ್ಲಿ ಒಂದೂ ಸನ್‌ಸ್ಕ್ರೀನ್ ಇರಲಿಲ್ಲ.

ಇದು ಅವಳೊಬ್ಬಳ ಕಥೆ ಅಲ್ಲ. ಮೊಬೈಲ್ ತೆರೆದರೆ ಸಾಕು, 20 ದಾಟಿದ ಕೂಡಲೇ ಸೀರಮ್ ಶುರು ಮಾಡದಿದ್ದರೆ ಮುಖ ಕೆಟ್ಟೇ ಹೋಯಿತು ಎನ್ನುವ ಹಾಗೆ ಹೇಳುವವರು ಸಾಲುಸಾಲಾಗಿ ಬರುತ್ತಾರೆ. ಹುಡುಗಿಯರಷ್ಟೇ ಅಲ್ಲ, ಹುಡುಗರೂ ಕೇಳುತ್ತಿದ್ದಾರೆ. ಕೇಳುವುದರಲ್ಲಿ ತಪ್ಪೇನಿಲ್ಲ. ಆದರೆ ಚರ್ಮಕ್ಕೆ ವಯಸ್ಸಾಗುವುದು ಅಂದರೆ ಏನು ಅಂತ ಗೊತ್ತಿಲ್ಲದೆ ಬಾಟಲಿ ಕೊಂಡರೆ, ಬೇಕಾದ್ದು ಬಿಟ್ಟು ಬೇರೆಯದ್ದಕ್ಕೆ ದುಡ್ಡು ಹೋಗುತ್ತದೆ. ಅದಕ್ಕೇ ಬುಡದಿಂದ ನೋಡೋಣ.

ಅವ್ವನ ತೋಳು ಹೇಳುವ ಸಂಗತಿ

ಅವತ್ತು ನಾನು ಅವಳಿಗೆ ಪುಸ್ತಕ ತೋರಿಸಲಿಲ್ಲ, ಅವ್ವನ ತೋಳು ತೋರಿಸಿದೆ. ಅವ್ವನಿಗೆ 72. ಮುಂಗೈ ಹೊರಭಾಗ ನೋಡಿದರೆ ಚರ್ಮ ಒರಟು, ಕಂದು ಚುಕ್ಕೆಗಳು, ಚಿವುಟಿದರೆ ನೆರಿಗೆ ಹಾಗೇ ಒಂದು ಕ್ಷಣ ನಿಲ್ಲುತ್ತದೆ. ಅದೇ ತೋಳನ್ನು ಸ್ವಲ್ಪ ಮೇಲೆತ್ತಿ, ರವಿಕೆ ತೋಳಿನ ಒಳಗೆ, ಕಂಕುಳ ಹತ್ತಿರದ ಚರ್ಮ ನೋಡಿದರೆ ಬಣ್ಣ ತಿಳಿ, ಮುಟ್ಟಿದರೆ ನುಣುಪು, ಚುಕ್ಕೆ ಒಂದೂ ಇಲ್ಲ. ತೆಳ್ಳಗಾಗಿದೆ, ಸ್ವಲ್ಪ ಸಡಿಲವಾಗಿದೆ, ಅಷ್ಟೇ.

ಎರಡೂ ಒಂದೇ ತೋಳು. ಎರಡಕ್ಕೂ ವಯಸ್ಸು 72. ವ್ಯತ್ಯಾಸ ಇಷ್ಟೇ: ಒಂದು ಭಾಗ ಜೀವನಪೂರ್ತಿ ಬಿಸಿಲು ಕಂಡಿದೆ, ಇನ್ನೊಂದು ಕಂಡಿಲ್ಲ.

ಚರ್ಮಕ್ಕೆ ವಯಸ್ಸಾಗುವುದು ಎರಡು ದಾರಿಯಲ್ಲಿ. ಒಂದು ಒಳಗಿನದು. ಹುಟ್ಟಿನಿಂದ, ವಂಶದಿಂದ, ಹಾರ್ಮೋನಿನಿಂದ ಬರುವಂಥದ್ದು. ರವಿಕೆಯೊಳಗಿನ ಚರ್ಮ ತೋರಿಸಿದ್ದು ಅದನ್ನೇ. ಅದು ನಿಧಾನ, ಯಾರಿಗೂ ತಪ್ಪಿದ್ದಲ್ಲ. ಇನ್ನೊಂದು ಹೊರಗಿನದು. ಮುಖ್ಯವಾಗಿ ಬಿಸಿಲು, ಆಮೇಲೆ ಬೀಡಿ-ಸಿಗರೇಟು, ಹೊಗೆ-ಧೂಳು. ಮುಖ, ಕತ್ತು, ಕೈಗಳಲ್ಲಿ ನಾವು "ವಯಸ್ಸು" ಅಂತ ಕಾಣುವುದರಲ್ಲಿ ಹೆಚ್ಚಿನ ಪಾಲು ಈ ಎರಡನೆಯದು. ನಮ್ಮ ಕೈಯಲ್ಲಿರುವುದೂ ಇದೊಂದೇ.

ನಿಮ್ಮ ಮನೆಯಲ್ಲೂ ಅಜ್ಜಿಯೋ ಅಜ್ಜನೋ ಇದ್ದರೆ ಒಮ್ಮೆ ನೋಡಿ. ಹೊಲದಲ್ಲಿ ದುಡಿದವರಾದರೆ ವ್ಯತ್ಯಾಸ ಇನ್ನೂ ಎದ್ದು ಕಾಣುತ್ತದೆ.

ಚರ್ಮವೆಂಬ ಹತ್ತಿ ಹಾಸಿಗೆ

ಹತ್ತಿ ಗಿರಣಿಗಳ ಊರು ನಮ್ಮದು. ಹಾಗಾಗಿ ಹಾಸಿಗೆಯ ಹೋಲಿಕೆ ಸುಲಭವಾಗಿ ತಿಳಿಯುತ್ತದೆ. ಹಾಸಿಗೆಗೆ ಮೇಲೊಂದು ಬಟ್ಟೆ, ಒಳಗೆ ಹತ್ತಿ. ಚರ್ಮವೂ ಹಾಗೆಯೇ.

ಮೇಲಿನ ಬಟ್ಟೆ ಅಂದರೆ ಹೊರಪದರ. ಇದು ಬಹಳ ತೆಳ್ಳಗೆ. ಇದರ ತಳದಲ್ಲಿ ಹೊಸ ಕೋಶಗಳು ಹುಟ್ಟುತ್ತವೆ, ಮೇಲೆ ಮೇಲೆ ಸರಿಯುತ್ತವೆ, ಕೊನೆಗೆ ಸತ್ತು ಉದುರುತ್ತವೆ. ಹರೆಯದಲ್ಲಿ ಈ ಸುತ್ತು ಮುಗಿಯಲು ಹೆಚ್ಚೂಕಡಿಮೆ ನಾಲ್ಕು ವಾರ ಬೇಕು. ವಯಸ್ಸಾದಂತೆ ಇನ್ನೂ ತಡವಾಗುತ್ತದೆ. ಸತ್ತ ಕೋಶಗಳು ಮೇಲೇ ಉಳಿದು ಮುಖ ಮಂಕಾಗಿ ಕಾಣುವುದಕ್ಕೆ ಇದೂ ಒಂದು ಕಾರಣ. ಈ ಪದರದ ತೀರಾ ಮೇಲ್ಭಾಗ ಇಟ್ಟಿಗೆ ಗೋಡೆಯ ಹಾಗೆ: ಸತ್ತ ಕೋಶಗಳು ಇಟ್ಟಿಗೆ, ಅವುಗಳ ನಡುವಿನ ಜಿಡ್ಡು ಗಾರೆ. ಒಳಗಿನ ನೀರು ಆರದಂತೆ, ಹೊರಗಿನ ಕೊಳೆ ಒಳಗೆ ಹೋಗದಂತೆ ತಡೆಯುವುದು ಈ ಗೋಡೆಯೇ.

ಒಳಗಿನ ಹತ್ತಿ ಅಂದರೆ ಒಳಪದರ. ಇಲ್ಲಿ ಕೊಲಾಜೆನ್ ಎನ್ನುವ ಗಟ್ಟಿ ನಾರುಗಳಿವೆ. ಚರ್ಮ ತುಂಬಿಕೊಂಡು ಗಟ್ಟಿಯಾಗಿ ಕಾಣುವುದು ಇವುಗಳಿಂದ. ಜೊತೆಗೆ ಎಲಾಸ್ಟಿನ್ ಎನ್ನುವ ರಬ್ಬರಿನಂಥ ನಾರು. ಕೆನ್ನೆ ಎಳೆದು ಬಿಟ್ಟರೆ ಪಟ್ ಅಂತ ಹಿಂದಕ್ಕೆ ಹೋಗುವುದು ಇದರ ಕೆಲಸ. 20ರ ಆಚೀಚೆಯಿಂದ ಕೊಲಾಜೆನ್ ವರ್ಷಕ್ಕೆ ಸುಮಾರು ಶೇಕಡಾ 1ರಷ್ಟು ಕಡಿಮೆಯಾಗುತ್ತಾ ಹೋಗುತ್ತದೆ ಎಂಬ ಅಂದಾಜಿದೆ. ಹೆಂಗಸರಲ್ಲಿ ಮುಟ್ಟು ನಿಂತ ಮೇಲಿನ ಕೆಲವು ವರ್ಷ ಇದು ಇನ್ನೂ ಜೋರು.

ಹತ್ತಿ ಜಗ್ಗಿದರೆ ಮೇಲಿನ ಬಟ್ಟೆ ಸುಕ್ಕಾಗುತ್ತದೆ. ಬಟ್ಟೆಯನ್ನು ಎಷ್ಟೇ ತಿಕ್ಕಿ ತೊಳೆದರೂ ಒಳಗಿನ ತಗ್ಗು ಹೋಗುವುದಿಲ್ಲ, ಅಲ್ವಾ? ಅಂಗಡಿಯಲ್ಲಿ ಸಿಗುವ ಬಹುಪಾಲು ಕ್ರೀಮುಗಳು ಬಟ್ಟೆಯ ಮೇಲೆ ಕೆಲಸ ಮಾಡುವಂಥವು. ಅದು ಕೆಲಸವೇ ಅಲ್ಲ ಅಂತಲ್ಲ. ತೇವ ಕೊಟ್ಟರೆ ಸಣ್ಣ ಗೆರೆಗಳು ಮಾಯವಾದಂತೆ ಕಾಣುತ್ತವೆ. ಆದರೆ ಅದು ಸಂಜೆಯ ಹೊತ್ತಿಗೆ ಮುಗಿಯುವ ಕೆಲಸ.

ಬಿಸಿಲು ಒಳಗೆ ಹೋಗಿ ಮಾಡುವುದೇನು?

ಬಿಸಿಲಿನಲ್ಲಿ ಕಣ್ಣಿಗೆ ಕಾಣದ ಯುವಿ, ಅಂದರೆ ಅತಿನೇರಳೆ ಕಿರಣ ಎರಡು ಬಗೆಯಲ್ಲಿ ನಮ್ಮವರೆಗೆ ಬರುತ್ತದೆ: ಯುವಿ-ಬಿ ಮತ್ತು ಯುವಿ-ಎ. ಯುವಿ-ಬಿ ಮೇಲಿನ ಬಟ್ಟೆಯನ್ನು ಸುಡುತ್ತದೆ. ಚರ್ಮ ಕೆಂಪಾಗುವುದು, ಉರಿಯುವುದು ಹೆಚ್ಚಾಗಿ ಇದರಿಂದ. ನಡುಹಗಲಲ್ಲಿ ಇದು ಜೋರು. ಯುವಿ-ಎ ಹಾಗಲ್ಲ. ಉರಿಸುವುದಿಲ್ಲ, ಗೊತ್ತೇ ಆಗುವುದಿಲ್ಲ, ಸೀದಾ ಹತ್ತಿಯವರೆಗೆ ಇಳಿಯುತ್ತದೆ. ಅಲ್ಲಿ ಕೊಲಾಜೆನ್ ಕತ್ತರಿಸುವ ಕಿಣ್ವಗಳನ್ನು ಎಬ್ಬಿಸುತ್ತದೆ. ಈ ಕತ್ತರಿಗಳು ದೇಹದಲ್ಲಿ ಮೊದಲೇ ಇವೆ, ಬಿಸಿಲು ಬಿದ್ದಾಗ ಅವಕ್ಕೆ ಕೆಲಸ ಜಾಸ್ತಿ. ದೇಹ ರಿಪೇರಿ ಮಾಡುತ್ತದೆ, ಆದರೆ ಪ್ರತಿ ಸಲವೂ ಸ್ವಲ್ಪ ಉಳಿದುಹೋಗುತ್ತದೆ. ಇಪ್ಪತ್ತು ವರ್ಷದ ಉಳಿಕೆ ನಲವತ್ತರಲ್ಲಿ ಮುಖದ ಮೇಲೆ ಕಾಣುತ್ತದೆ.

ಇನ್ನೊಂದು ಸಂಗತಿ. ಸಾದಾ ಗಾಜು ಯುವಿ-ಬಿಯನ್ನು ಬಹುಮಟ್ಟಿಗೆ ತಡೆಯುತ್ತದೆ, ಯುವಿ-ಎಯಲ್ಲಿ ಬಹಳಷ್ಟನ್ನು ಒಳಗೆ ಬಿಡುತ್ತದೆ. ಕುಂದುವಾಡ ಕೆರೆ ಹತ್ತಿರದ ಗ್ಲಾಸ್ ಹೌಸ್ ನೋಡಿದಾಗೆಲ್ಲ ನನಗೆ ಇದೇ ನೆನಪಾಗುತ್ತದೆ. ಗಾಜಿನೊಳಗೆ ಕೂತವರಿಗೆ ಮೈ ಸುಡುವುದಿಲ್ಲ. ಆದರೆ ಗಾಜು ಸಾದಾ ಆಗಿದ್ದರೆ, ವಯಸ್ಸಾಗಿಸುವ ಕಿರಣಕ್ಕೆ ಬಾಗಿಲು ತೆರೆದೇ ಇದೆ. ಕಿಟಕಿ ಪಕ್ಕದ ಆಫೀಸ್ ಕುರ್ಚಿಯ ಕಥೆಯೂ ಇದೇ.

ಇದಕ್ಕೆ ಹೆಸರುವಾಸಿಯಾದ ಒಂದು ಫೋಟೋ ಇದೆ. 2012ರಲ್ಲಿ ಅಮೆರಿಕದ ಒಂದು ದೊಡ್ಡ ವೈದ್ಯಕೀಯ ಪತ್ರಿಕೆಯಲ್ಲಿ ಬಂದದ್ದು. 69 ವರ್ಷದ ಒಬ್ಬ ಟ್ರಕ್ ಡ್ರೈವರ್, 28 ವರ್ಷ ಸಾಮಾನು ಸಾಗಿಸುವ ಗಾಡಿ ಓಡಿಸಿದವನು. ಮುಖದ ಬಲಭಾಗ ಅವನ ವಯಸ್ಸಿಗೆ ತಕ್ಕಂತಿದೆ. ಎಡಭಾಗ ಮಾತ್ರ ದಪ್ಪ ನೆರಿಗೆ ಬಿದ್ದು, ಜೋತುಬಿದ್ದು, ಇಪ್ಪತ್ತು ವರ್ಷ ಹೆಚ್ಚು ವಯಸ್ಸಾದವನ ಮುಖದಂತಿದೆ. ಅಲ್ಲಿ ಸ್ಟೇರಿಂಗ್ ಎಡಕ್ಕೆ, ಕಿಟಕಿಯೂ ಎಡಕ್ಕೆ. ನಮ್ಮಲ್ಲಿ ಸ್ಟೇರಿಂಗ್ ಬಲಕ್ಕೆ. ದಾವಣಗೆರೆ–ಚಿತ್ರದುರ್ಗದ ಮಧ್ಯೆ ಹೆದ್ದಾರಿ 48ರಲ್ಲಿ ದಿನಾ ಓಡಾಡುವ ಲಾರಿ ಡ್ರೈವರ್‌ಗಳ ಬಲಗೆನ್ನೆ, ಬಲ ಮುಂಗೈಗೇ ಹೆಚ್ಚು ಪೆಟ್ಟು. ಗಾಡಿಯ ಮುಂದಿನ ಗಾಜು ಎರಡು ಪದರದ್ದಾದ್ದರಿಂದ ಯುವಿ-ಎ ಹೆಚ್ಚು ಬಿಡುವುದಿಲ್ಲ, ಪಕ್ಕದ ಗಾಜು ಬಿಡುತ್ತದೆ.

ಇನ್ನು ನಮ್ಮ ಊರಿನ ಬಿಸಿಲು. ದಾವಣಗೆರೆ, ಚಿತ್ರದುರ್ಗ ಎರಡೂ ಇರುವುದು ಭೂಮಧ್ಯರೇಖೆಯಿಂದ 14 ಡಿಗ್ರಿ ಚಿಲ್ಲರೆ ಉತ್ತರಕ್ಕೆ. ಅಂದರೆ ಸೂರ್ಯ ವರ್ಷಕ್ಕೆ ಎರಡು ಸಲ ನಮ್ಮ ನೆತ್ತಿಯ ನೇರಕ್ಕೇ ಬರುತ್ತಾನೆ: ಏಪ್ರಿಲ್ ಕೊನೆಗೊಮ್ಮೆ, ಆಗಸ್ಟ್ ನಡುವಿಗೊಮ್ಮೆ. ಆ ದಿನ ನಡುಹಗಲಲ್ಲಿ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ಏಪ್ರಿಲ್ ಬಿಸಿಲಿಗೆ ಎಲ್ಲರೂ ಹೆದರುತ್ತಾರೆ. ಆಗಸ್ಟ್‌ನಲ್ಲಿ ಮೋಡ ಇರುತ್ತದೆ, ತಂಪಿರುತ್ತದೆ, ಯಾರೂ ಕೊಡೆ ಹಿಡಿಯುವುದಿಲ್ಲ. ಆದರೆ ತೆಳು ಮೋಡವನ್ನು ಯುವಿ ಕಿರಣ ದಾಟಿ ಬರುತ್ತದೆ. ಸೆಕೆಗೂ ಯುವಿಗೂ ನೇರ ಸಂಬಂಧ ಇಲ್ಲ. ಅಂದಾಜಿಗೆ ಒಂದು ಸುಲಭ ದಾರಿ ಇದೆ: ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಕಿರಣ ಜೋರಾಗಿದೆ ಅಂತ ಅರ್ಥ. ಬೆಳಿಗ್ಗೆ ಆರೂವರೆಗೆ ಕೆರೆ ಏರಿ ಮೇಲೆ ವಾಕಿಂಗ್ ಹೋಗುವವರು ಚಿಂತೆ ಮಾಡಬೇಕಿಲ್ಲ.

ಕಂದು ಚರ್ಮದ ಲೆಕ್ಕ ಬೇರೆ

ಇಂಟರ್‌ನೆಟ್ಟಿನ ಬಹುಪಾಲು ಸಲಹೆಗಳು ಬಿಳಿ ಚರ್ಮದವರನ್ನು ನೋಡಿ ಬರೆದದ್ದು. ನಮ್ಮ ಚರ್ಮದಲ್ಲಿ ಮೆಲನಿನ್ ಎನ್ನುವ ಬಣ್ಣ ಜಾಸ್ತಿ. ಅದು ಹುಟ್ಟಾ ಬಂದ ಒಂದು ಸಣ್ಣ ಕೊಡೆ. ಹಾಗಾಗಿ ಸುಕ್ಕು ನಮಗೆ ತಡವಾಗಿ ಬರುತ್ತದೆ. ನಮ್ಮಲ್ಲಿ ಮೊದಲು ಬರುವುದು ಬಣ್ಣದ ಏರುಪೇರು: ಮೊಡವೆ ಹೋದಮೇಲೂ ತಿಂಗಳುಗಟ್ಟಲೆ ಉಳಿಯುವ ಕಲೆ, ಕಣ್ಣಿನ ಸುತ್ತ ಕಪ್ಪು, ಕೆನ್ನೆಯ ಮೇಲೆ ಬಂಗು.

ಇದರಿಂದ ಎರಡು ಮಾತು ತಿಳಿಯುತ್ತದೆ. ಒಂದು, 21ರ ಹುಡುಗಿ ಸುಕ್ಕಿನ ಚಿಂತೆ ಮಾಡುವ ತುರ್ತು ಏನೂ ಇಲ್ಲ. ಎರಡು, ಚರ್ಮವನ್ನು ಉರಿಸುವ, ಕೆರಳಿಸುವ ಯಾವುದೇ ವಸ್ತು ನಮಗೆ ಡಬಲ್ ನಷ್ಟ. ಯಾಕೆಂದರೆ ಕೆರಳಿದ ಕಡೆಯೆಲ್ಲ ಕಂದು ಚರ್ಮ ಕಲೆ ಬಿಟ್ಟು ಹೋಗುತ್ತದೆ. ಜೋರು ಸೀರಮ್ ಹಚ್ಚಿ ಮುಖ ಉರಿಸಿಕೊಂಡವರಿಗೆ ಇದು ತಡವಾಗಿ ಗೊತ್ತಾಗುತ್ತದೆ.

ಸನ್‌ಸ್ಕ್ರೀನ್ ಟ್ಯೂಬಿನ ಮೇಲಿನ ಅಂಕಿ

ಎಸ್‌ಪಿಎಫ್ ಅಂದರೆ ಮುಖ್ಯವಾಗಿ ಯುವಿ-ಬಿ ತಡೆಯುವ ಅಳತೆ. ಎಸ್‌ಪಿಎಫ್ 15 ಸುಮಾರು ಶೇಕಡಾ 93 ತಡೆಯುತ್ತದೆ, 30 ಆದರೆ ಶೇಕಡಾ 97, 50 ಆದರೆ ಶೇಕಡಾ 98. ಅಂಕಿ ದುಪ್ಪಟ್ಟಾದರೂ ರಕ್ಷಣೆ ದುಪ್ಪಟ್ಟಾಗುವುದಿಲ್ಲ ಅನ್ನುವುದನ್ನು ಗಮನಿಸಿ. 30ರ ಮೇಲೆ ಯಾವುದಾದರೂ ನಡೆಯುತ್ತದೆ. ಯುವಿ-ಎಗೆ ಬೇರೆ ಗುರುತಿದೆ: ಪಿಎ, ಅದರ ಮುಂದೆ ಪ್ಲಸ್ ಚಿಹ್ನೆಗಳು. ಇದು ಜಪಾನಿನಿಂದ ಬಂದ ಪದ್ಧತಿ. ಪ್ಲಸ್ ಜಾಸ್ತಿ ಇದ್ದಷ್ಟೂ ಒಳ್ಳೆಯದು, ನಾಲ್ಕು ಇದ್ದರೆ ಗರಿಷ್ಠ. ಪಿಎ ಇಲ್ಲದಿದ್ದರೆ "ಬ್ರಾಡ್ ಸ್ಪೆಕ್ಟ್ರಮ್" ಎಂದಾದರೂ ಬರೆದಿರಬೇಕು. ಬಂಗು ಇರುವವರಿಗೆ ಕಣ್ಣಿಗೆ ಕಾಣುವ ಬೆಳಕೂ ಬಣ್ಣ ಗಾಢ ಮಾಡುತ್ತದೆ, ಅಂಥವರಿಗೆ ಐರನ್ ಆಕ್ಸೈಡ್ ಬೆರೆಸಿದ, ಚರ್ಮದ ಬಣ್ಣದ ಸನ್‌ಸ್ಕ್ರೀನ್ ಮೇಲು.

ಎಲ್ಲರೂ ಎಡವುವುದು ಅಂಕಿಯಲ್ಲಿ ಅಲ್ಲ, ಪ್ರಮಾಣದಲ್ಲಿ. ಟ್ಯೂಬಿನ ಮೇಲಿರುವ ಅಂಕಿ ಸಿಗಬೇಕಾದರೆ ಚರ್ಮದ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಬೇಕು. ಲ್ಯಾಬಿನಲ್ಲಿ ಅಷ್ಟು ಹಚ್ಚಿಯೇ ಅಳೆದಿರುತ್ತಾರೆ. ಮನೆಯಲ್ಲಿ ಅಳೆಯುವ ದಾರಿ: ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಒಂದೊಂದು ಗೆರೆ ಹಿಂಡಿ. ಮುಖ, ಕತ್ತು, ಕಿವಿ ಸೇರಿ ಅಷ್ಟು ಬೇಕು. ತೂಕದಲ್ಲಿ ಒಂದು ಗ್ರಾಂ ಮೇಲೆ. ಈಗ ಲೆಕ್ಕ ಹಾಕಿ. ದಿನಕ್ಕೆ ಒಂದೇ ಸಲ ಹಚ್ಚಿದರೂ 50 ಗ್ರಾಂ ಟ್ಯೂಬ್ ಸುಮಾರು ಒಂದೂವರೆ ತಿಂಗಳಲ್ಲಿ ಮುಗಿಯಬೇಕು. "ನಂದು ಆರು ತಿಂಗಳು ಬಂತು" ಅಂತ ಯಾರಾದರೂ ಹೆಮ್ಮೆಯಿಂದ ಹೇಳಿದರೆ, ಅವರು ಹಚ್ಚಿದ್ದು ಕಾಲು ಭಾಗ. ಅದಕ್ಕೇ ದುಬಾರಿ ಟ್ಯೂಬ್ ಕೊಂಡು ಜಿಪುಣತನ ಮಾಡುವುದಕ್ಕಿಂತ, ಧಾರಾಳವಾಗಿ ಹಚ್ಚಲು ಧೈರ್ಯ ಬರುವಂಥ ಬೆಲೆಯದ್ದನ್ನು ಕೊಳ್ಳುವುದು ಜಾಣತನ. ಹೊರಗೇ ಇದ್ದರೆ, ಬೆವರಿದರೆ, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು.

ಇದು ನಿಜವಾಗಲೂ ವಯಸ್ಸು ತಡೆಯುತ್ತದಾ? ಆಸ್ಟ್ರೇಲಿಯಾದ ನಾಂಬೂರ್ ಎಂಬ ಊರಿನಲ್ಲಿ ಪರೀಕ್ಷೆ ಮಾಡಿ ನೋಡಿದ್ದಾರೆ. 55ರೊಳಗಿನ 903 ಜನ. ಅರ್ಧ ಮಂದಿಗೆ ದಿನಾ ಸನ್‌ಸ್ಕ್ರೀನ್ ಹಚ್ಚಲು ಹೇಳಿದರು, ಉಳಿದವರಿಗೆ ನಿಮಗೆ ಬೇಕೆನಿಸಿದಾಗ ಹಚ್ಚಿ ಎಂದರು. ನಾಲ್ಕೂವರೆ ವರ್ಷ ಕಾದರು. 2013ರಲ್ಲಿ ಫಲಿತಾಂಶ ಬಂತು: ದಿನಾ ಹಚ್ಚಿದವರಲ್ಲಿ ಚರ್ಮದ ಮುಪ್ಪು ಶೇಕಡಾ 24ರಷ್ಟು ಕಡಿಮೆ. ಅವರಲ್ಲಿ ಬಹುತೇಕರು ಬಿಳಿ ಚರ್ಮದವರು, ನಮಗೆ ಲೆಕ್ಕ ಸ್ವಲ್ಪ ಬೇರೆ ಇರಬಹುದು. ಆದರೆ ಇಂಥ ನೇರ ಪರೀಕ್ಷೆಯಲ್ಲಿ ಪಾಸಾದ ವಸ್ತು ಅಂಗಡಿಯ ಆ ಸಾಲಿನಲ್ಲಿ ಬಹಳ ಇಲ್ಲ.

ಸನ್‌ಸ್ಕ್ರೀನ್ ಕಷ್ಟ ಅನ್ನುವವರಿಗೆ ನಮ್ಮೂರ ಹುಡುಗಿಯರು ಮೊದಲೇ ಕಂಡುಕೊಂಡ ದಾರಿ ಇದೆ. ಸ್ಕೂಟಿ ಮೇಲೆ ದುಪಟ್ಟಾ ಸುತ್ತಿ, ಉದ್ದ ಕೈಗವಸು ಹಾಕಿ ಕಣ್ಣು ಮಾತ್ರ ಬಿಟ್ಟು ಹೋಗುತ್ತಾರಲ್ಲ, ಅದು ಉತ್ತಮ ರಕ್ಷಣೆ. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ. ಬೆಳಕು ತೂರಿ ಬಂದರೆ ಯುವಿಯೂ ಬರುತ್ತದೆ. ಒತ್ತಾದ ನೇಯ್ಗೆ, ಗಾಢ ಬಣ್ಣ ಒಳ್ಳೆಯದು. ಕೊಡೆಯೂ ಸರಿ. ಹುಡುಗರು ಮಾತ್ರ ಮರ್ಯಾದೆಗೆ ಅಂಜಿ ಬರೀ ಮುಖದಲ್ಲಿ ಸುಡುತ್ತಾರೆ, ಏನು ಹೇಳುವುದು!

ಮಂಡಕ್ಕಿ ಜರಡಿ

ಈಗ ಉಳಿದ ಬಾಟಲಿಗಳು. ಇಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ: ಇದು ಚರ್ಮದ ಒಳಗೆ ಹೋಗುತ್ತದಾ?

ನಮ್ಮೂರ ಮಂಡಕ್ಕಿ ಭಟ್ಟಿ ನೆನಪಿಸಿಕೊಳ್ಳಿ. ಕಾದ ಮರಳಲ್ಲಿ ಹುರಿದು ಜರಡಿಗೆ ಹಾಕಿದರೆ ಮರಳು ಕೆಳಗೆ ಇಳಿಯುತ್ತದೆ, ಮಂಡಕ್ಕಿ ಮೇಲೆ ನಿಲ್ಲುತ್ತದೆ. ಚರ್ಮದ ಹೊರಗೋಡೆಯೂ ಒಂದು ಜರಡಿ. ಅಣುವಿನ ತೂಕ ಸುಮಾರು 500 ಡಾಲ್ಟನ್‌ಗಿಂತ ಹೆಚ್ಚಾದರೆ ಸಾಮಾನ್ಯವಾಗಿ ಒಳಗೆ ಬಿಡುವುದಿಲ್ಲ. ಡಾಲ್ಟನ್ ಅಂದರೆ ಅಣುಗಳನ್ನು ತೂಗುವ ಅಳತೆ, ಅಷ್ಟು ತಿಳಿದರೆ ಸಾಕು. ಕೊಲಾಜೆನ್ ಅಣು ಸುಮಾರು 3,00,000 ಡಾಲ್ಟನ್. ಹಾಗಾಗಿ "ಕೊಲಾಜೆನ್ ಕ್ರೀಮ್" ಹಚ್ಚಿದರೆ ಅದು ಮಂಡಕ್ಕಿಯ ಹಾಗೆ ಮೇಲೇ ನಿಲ್ಲುತ್ತದೆ. ತೇವ ಹಿಡಿಯುತ್ತದೆ ಅಷ್ಟೇ, ಒಳಗಿನ ಹತ್ತಿಗೆ ಸೇರುವುದಿಲ್ಲ. ಹೈಲುರಾನಿಕ್ ಆಸಿಡ್ ಕೂಡ ಬಹುಪಾಲು ಇದೇ ಜಾತಿ. ಮೇಲೆ ನಿಂತು ನೀರು ಹಿಡಿಯುತ್ತದೆ. ಇದೇ ಕೆಲಸವನ್ನು ಅಗ್ಗದ ಗ್ಲಿಸರಿನ್ ಚೆನ್ನಾಗಿಯೇ ಮಾಡುತ್ತದೆ. ಚಿತ್ರದುರ್ಗದ ಚಳಿಗಾಲದ ಒಣಗಾಳಿಯಲ್ಲಿ ಎರಡನ್ನೂ ಒಣಮುಖಕ್ಕೆ ಹಚ್ಚಿ ಸುಮ್ನೆ ಬಿಟ್ಟರೆ ಪ್ರಯೋಜನ ಕಡಿಮೆ. ಒದ್ದೆ ಮುಖಕ್ಕೆ ಹಚ್ಚಿ, ಮೇಲೊಂದು ಜಿಡ್ಡಿನ ಕ್ರೀಮ್ ಹಾಕಬೇಕು.

ಮರಳಿನಷ್ಟು ಸಣ್ಣವು ಯಾವುವು? ನಯಾಸಿನಮೈಡ್ 122 ಡಾಲ್ಟನ್, ವಿಟಮಿನ್ ಸಿ 176, ರೆಟಿನಾಲ್ 286. ಈ ಮೂರರ ಮಾತು ಕೇಳಲು ಅರ್ಥವಿದೆ.

ನಯಾಸಿನಮೈಡ್ ಅಂದರೆ ವಿಟಮಿನ್ ಬಿ3ರ ಒಂದು ರೂಪ. ಗೋಡೆಯ ಗಾರೆ ಗಟ್ಟಿ ಮಾಡುತ್ತದೆ, ಕಲೆ ಸ್ವಲ್ಪ ತಿಳಿಯಾಗಿಸುತ್ತದೆ, ಉರಿಸುವುದು ಕಡಿಮೆ. ಶೇಕಡಾ 4–5 ಇದ್ದರೆ ಸಾಕು, 10ರ ಹಿಂದೆ ಓಡಬೇಕಿಲ್ಲ. ವಿಟಮಿನ್ ಸಿ ಒಳ್ಳೆಯದೇ, ಆದರೆ ನಾಜೂಕು. ಗಾಳಿ, ಬೆಳಕು, ಸೆಕೆ ಮೂರಕ್ಕೂ ಆಗಿಬರುವುದಿಲ್ಲ. ನೀರಿನಂತಿದ್ದದ್ದು ಹಳದಿಯಾಗಿ, ಆಮೇಲೆ ಚಹಾ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಅದರ ಕಥೆ ಮುಗಿಯಿತು. ತಂಗಿಯ ಮಗಳ ಬಾಟಲಿ ಆಗಲೇ ಡಿಕಾಕ್ಷನ್ ಆಗಿತ್ತು. ಪಿ.ಜಿ. ಕಿಟಕಿಯಲ್ಲಿ ಇಟ್ಟಿದ್ದಳಂತೆ.

ರೆಟಿನಾಲ್: ಭತ್ತ, ಅಕ್ಕಿ, ಅನ್ನ

ಒಳಗಿನ ಹತ್ತಿಯವರೆಗೆ ಸುದ್ದಿ ಮುಟ್ಟಿಸುವ, ಹೆಚ್ಚು ಪುರಾವೆ ಇರುವ ವಸ್ತು ಇದೇ. ಇದು ವಿಟಮಿನ್ ಎ ಬಳಗದ್ದು. ಈ ಬಳಗಕ್ಕೆ ರೆಟಿನಾಯ್ಡ್ ಎಂದು ಹೆಸರು. ಟ್ರೆಟಿನೋಯಿನ್ ಎಂಬ ಮುಲಾಮನ್ನು ಮೊಡವೆಗೆ ಕೊಡುತ್ತಿದ್ದರು. ಹಚ್ಚಿಕೊಂಡ ನಡುವಯಸ್ಸಿನ ಹೆಂಗಸರು "ಮೊಡವೆ ಹೋಯ್ತು, ಜೊತೆಗೆ ಮುಖ ನುಣುಪಾಯ್ತು" ಎನ್ನತೊಡಗಿದರು. ಅಮೆರಿಕದ ಚರ್ಮವೈದ್ಯ ಆಲ್ಬರ್ಟ್ ಕ್ಲಿಗ್‌ಮನ್ ಮತ್ತು ಜೊತೆಗಾರರು ಇದರ ಬೆನ್ನು ಹತ್ತಿ 1986ರಲ್ಲಿ ವರದಿ ಪ್ರಕಟಿಸಿದರು. (ಜೈಲಿನ ಕೈದಿಗಳ ಮೇಲೆ ಪ್ರಯೋಗ ಮಾಡಿದ ಕಪ್ಪು ಚುಕ್ಕೆಯೂ ಈ ಮನುಷ್ಯನ ಹೆಸರಿಗೆ ಅಂಟಿಕೊಂಡಿದೆ.) ರೆಟಿನಾಯ್ಡ್ ಕೊಲಾಜೆನ್ ತಯಾರಿಯನ್ನು ಹೆಚ್ಚಿಸುತ್ತದೆ, ಕತ್ತರಿ ಕಿಣ್ವಗಳನ್ನು ತಗ್ಗಿಸುತ್ತದೆ, ಮೇಲಿನ ಕೋಶಗಳ ಸುತ್ತನ್ನು ಚುರುಕು ಮಾಡುತ್ತದೆ. ಹಾಸಿಗೆಯ ಭಾಷೆಯಲ್ಲಿ ಹೇಳಿದರೆ ಜಗ್ಗಿದ ಹತ್ತಿಯನ್ನು ಹಿಂಜುವವನು.

ಆದರೆ ಬಳಗದವರೆಲ್ಲ ಒಂದೇ ಅಲ್ಲ. ನಮ್ಮ ಕೋಶಕ್ಕೆ ಬೇಕಾದ್ದು ರೆಟಿನೋಯಿಕ್ ಆಸಿಡ್, ಅಂದರೆ ಬೆಂದ ಅನ್ನ. ಡಾಕ್ಟರ್ ಚೀಟಿಯ ಟ್ರೆಟಿನೋಯಿನ್ ಅಂದರೆ ಅದೇ ಅನ್ನ. ರೆಟಿನಾಲ್ಡಿಹೈಡ್ ನೆನೆಸಿದ ಅಕ್ಕಿ, ಅಂಗಡಿಯ ರೆಟಿನಾಲ್ ಅಕ್ಕಿ, ರೆಟಿನೈಲ್ ಪಾಲ್ಮಿಟೇಟ್ ಅಂತ ಬರೆದಿದ್ದರೆ ಅದು ಭತ್ತ. ಚರ್ಮವೇ ಹೊಟ್ಟು ತೆಗೆದು, ನೆನೆಸಿ, ಬೇಯಿಸಿಕೊಳ್ಳಬೇಕು. ಪ್ರತಿ ಹಂತದಲ್ಲೂ ಸ್ವಲ್ಪ ನಷ್ಟ. ಹಾಗಾಗಿ ಭತ್ತ ಮೃದು, ಆದರೆ ಫಲ ಕಡಿಮೆ. ಅನ್ನಕ್ಕೆ ಫಲ ಜಾಸ್ತಿ, ಉರಿಯೂ ಜಾಸ್ತಿ.

ಶುರುವಿನ ಕೆಲವು ವಾರ ಚರ್ಮ ಒಣಗಿ, ಕೆಂಪಾಗಿ, ಪೊರೆ ಏಳುವುದು ಸಾಮಾನ್ಯ. ಅದಕ್ಕೇ ವಾರಕ್ಕೆ ಎರಡೇ ರಾತ್ರಿ, ಇಡೀ ಮುಖಕ್ಕೆ ಒಂದು ಬಟಾಣಿ ಕಾಳಿನಷ್ಟು, ಅದರ ಕೆಳಗೋ ಮೇಲೋ ಮಾಯಿಶ್ಚರೈಸರ್. ಕಣ್ಣು, ತುಟಿ, ಮೂಗಿನ ಅಂಚು ಬಿಡಬೇಕು. ಬೆಳಕಿಗೆ ಕೆಡುವುದರಿಂದ ರಾತ್ರಿಯೇ ಹಚ್ಚಬೇಕು. ಹಚ್ಚುವವರು ಹಗಲು ಸನ್‌ಸ್ಕ್ರೀನ್ ಬಿಡುವ ಹಾಗಿಲ್ಲ. ಫಲ ಕಾಣಲು ಮೂರು ತಿಂಗಳಾದರೂ ಬೇಕು.

ಒಂದು ಎಚ್ಚರ ನಮ್ಮ ಕಡೆ ಮುಖ್ಯ, ಯಾಕೆಂದರೆ ಇಪ್ಪತ್ತರ ಆಸುಪಾಸಿನಲ್ಲೇ ಮದುವೆ, ಮಕ್ಕಳು ಆಗುವುದು ಇನ್ನೂ ಇದೆ. ಬಸುರಿಯರು, ಮಗುವಿಗೆ ಯೋಚಿಸುತ್ತಿರುವವರು ರೆಟಿನಾಯ್ಡ್ ಮುಟ್ಟಬಾರದು. ಇದೇ ಬಳಗದ ನುಂಗುವ ಮಾತ್ರೆ ಐಸೋಟ್ರೆಟಿನೋಯಿನ್ ಹೊಟ್ಟೆಯಲ್ಲಿರುವ ಮಗುವಿಗೆ ಭಾರೀ ಅಂಗದೋಷ ತರುತ್ತದೆ. ಹಚ್ಚುವ ಮುಲಾಮಿನಿಂದ ರಕ್ತಕ್ಕೆ ಸೇರುವುದು ಬಹಳ ಕಡಿಮೆಯಾದರೂ ಎಚ್ಚರಿಕೆಗೆ ಅದನ್ನೂ ಬಿಡಿಸುತ್ತಾರೆ.

21ಕ್ಕೆ ಇದು ಬೇಕಾ? ಮೊಡವೆ ಇದ್ದು ಡಾಕ್ಟರ್ ಬರೆದುಕೊಟ್ಟರೆ ಸರಿ. ಸುಕ್ಕಿಗಾಗಿಯೇ ಆದರೆ 25 ದಾಟಿದ ಮೇಲೆ, ಅದೂ ಸನ್‌ಸ್ಕ್ರೀನ್ ಒಂದು ವರ್ಷ ತಪ್ಪದೆ ಹಚ್ಚಿದವರು ಯೋಚಿಸಬಹುದು. ಸನ್‌ಸ್ಕ್ರೀನ್ ಎಂಬ ಕೊಡೆಯಿಲ್ಲದೆ ರೆಟಿನಾಲ್ ಹಚ್ಚುವುದು ಅಂದರೆ ಸೋರುವ ಮನೆಯಲ್ಲಿ ಹಾಸಿಗೆ ಹಿಂಜಿಸಿದ ಹಾಗೆ.

ಅಡುಗೆಮನೆಯ ಪ್ರಯೋಗಗಳು

ನಿಂಬೆರಸ ಬೇಡ. ಅದು ತೀರಾ ಹುಳಿ, ಜೊತೆಗೆ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪು ಕಲೆ ಬೀಳುತ್ತದೆ. ಅಡುಗೆಸೋಡಾ, ಟೂತ್‌ಪೇಸ್ಟ್ ಅಂತೂ ಬೇಡವೇ ಬೇಡ. ಕಡಲೆಹಿಟ್ಟು ಹಚ್ಚಿ ಮೆಲ್ಲಗೆ ತೊಳೆದರೆ ತೊಂದರೆ ಕಡಿಮೆ, ಪಾತ್ರೆ ತಿಕ್ಕಿದ ಹಾಗೆ ತಿಕ್ಕಿದರೆ ಗಾರೆ ಕಿತ್ತುಬರುತ್ತದೆ. ಬಟ್ಟೆ ಸೋಪು, ಮೈಸೋಪಿನ ಕಥೆಯೂ ಇದೇ: ಚರ್ಮ ಸ್ವಲ್ಪ ಹುಳಿ ಸ್ವಭಾವದ್ದು, ಸೋಪು ಕ್ಷಾರ. ಕೊಬ್ಬರಿ ಎಣ್ಣೆ ಕೈಕಾಲಿಗೆ ಒಳ್ಳೆಯ ತೇವ. ಮೊಡವೆ ಮುಖಕ್ಕೆ ಆಗುವುದಿಲ್ಲ. ಬಿಸಿಲಂತೂ ತಡೆಯುವುದಿಲ್ಲ.

ಮೆಡಿಕಲ್ ಶಾಪಿನ ಆ ಒಂದು ಟ್ಯೂಬ್

ಇದನ್ನು ನನ್ನ ಅನುಭವದಿಂದಲೇ ಹೇಳುತ್ತೇನೆ. ಮಗ ಹುಟ್ಟಿದ ಮೇಲೆ ನನಗೆ ಕೆನ್ನೆ ಮೇಲೆ ಬಂಗು ಬಂದಿತ್ತು. ಒಂದು ಅಂಗಡಿಯಲ್ಲಿ ಕೇಳಿದೆ, ಚೀಟಿ ಗೀಟಿ ಏನೂ ಕೇಳದೆ ಒಂದು ಟ್ಯೂಬ್ ಕೊಟ್ಟರು. ಒಂದೇ ವಾರದಲ್ಲಿ ಮುಖ ಫಳಫಳ. ಓಣಿಯಲ್ಲಿ ನಾಲ್ಕು ಜನ "ಏನು ಹಚ್ಚಿದ್ರಿ?" ಅಂತ ಕೇಳಿದರು, ನಾನೂ ಹೆಸರು ಹೇಳಿಬಿಟ್ಟೆ. ಮೂರನೇ ತಿಂಗಳಿಗೆ ಹಚ್ಚುವುದು ನಿಲ್ಲಿಸಿದರೆ ಉರಿ, ಹಚ್ಚಿದರೆ ಕೆಂಪು. ಕೆನ್ನೆ ಮೇಲೆ ರಕ್ತನಾಳದ ಸಣ್ಣ ಗೆರೆಗಳು, ಗಲ್ಲದ ಮೇಲೆ ಕೂದಲು. ಚರ್ಮದ ಡಾಕ್ಟರ್ ಹತ್ತಿರ ಹೋದಾಗ ಅವರು ನನ್ನ ಮುಖ ನೋಡುವ ಮೊದಲು ಟ್ಯೂಬ್ ನೋಡಿದರು. ಅದರಲ್ಲಿ ಸ್ಟೀರಾಯ್ಡ್ ಇತ್ತು.

ಸ್ಟೀರಾಯ್ಡ್ ಮುಲಾಮು ಸರಿಯಾದ ಕಾಯಿಲೆಗೆ, ಸರಿಯಾದ ದಿನಗಳಿಗೆ ಒಳ್ಳೆಯ ಔಷಧಿ. ಆದರೆ ದಿನಾ ಮುಖಕ್ಕೆ ಹಚ್ಚಿದರೆ ಅದು ಕೊಲಾಜೆನ್ ತಯಾರಿಯನ್ನೇ ತಡೆಯುತ್ತದೆ, ಚರ್ಮ ಹಾಳೆಯಂತೆ ತೆಳ್ಳಗಾಗುತ್ತದೆ. ಮುಪ್ಪು ತಡೆಯಲು ಹೋಗಿ ದುಡ್ಡು ಕೊಟ್ಟು ಮುಪ್ಪು ತಂದುಕೊಂಡ ಹಾಗೆ. 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿದೆ. ಟ್ಯೂಬ್ ಮೇಲೆ ಬೀಟಾಮೆಥಸೋನ್, ಮೊಮೆಟಾಸೋನ್, ಕ್ಲೋಬೆಟಾಸಾಲ್ ಇಂಥ ಹೆಸರಿದ್ದರೆ, ಅಥವಾ ಪಕ್ಕದಲ್ಲಿ ಉದ್ದಕ್ಕೆ ಕೆಂಪು ಗೆರೆ ಇದ್ದರೆ ಅದು ಬ್ಯೂಟಿ ಕ್ರೀಮ್ ಅಲ್ಲ, ಔಷಧಿ. ಈಗಾಗಲೇ ಹಚ್ಚುತ್ತಿರುವವರು ಒಮ್ಮೆಲೇ ನಿಲ್ಲಿಸದೆ ಡಾಕ್ಟರ್ ಕೇಳಿಯೇ ನಿಲ್ಲಿಸಿ, ನಿಲ್ಲಿಸಿದಾಗಲೇ ಉರಿ ಜೋರು.

ಲೇಬಲ್ಲೇ ಇಲ್ಲದ, ತಯಾರಕರ ವಿಳಾಸ ಇಲ್ಲದ ಬಿಳುಪಿನ ಕ್ರೀಮುಗಳು ಇನ್ನೂ ಅಪಾಯ. ಅವುಗಳಲ್ಲಿ ಪಾದರಸ ಇರಬಹುದು. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಇಂಥ ಕ್ರೀಮ್ ಹಚ್ಚುತ್ತಿದ್ದ ಕೆಲವರಿಗೆ ಕಿಡ್ನಿ ತೊಂದರೆ ಕಾಣಿಸಿಕೊಂಡಿದ್ದು ಸುದ್ದಿಯಾಗಿತ್ತು.

ಹಾಗಾದರೆ ಬಾಟಲಿ ಎಷ್ಟು ಸಾಕು?

ಇಪ್ಪತ್ತರ ವಯಸ್ಸಿಗೆ ಮೂರು. ನೊರೆ ಕಡಿಮೆ ಇರುವ ಮೃದು ಫೇಸ್‌ವಾಶ್, ರಾತ್ರಿ ಮತ್ತು ಬೇಕಾದರೆ ಬೆಳಿಗ್ಗೆ. ಒಂದು ಸಾದಾ, ವಾಸನೆ ಇಲ್ಲದ ಮಾಯಿಶ್ಚರೈಸರ್. ಬೆಳಿಗ್ಗೆ ಸನ್‌ಸ್ಕ್ರೀನ್. ಕಲೆ ಇದ್ದರೆ ನಯಾಸಿನಮೈಡ್ ಸೇರಿಸಬಹುದು. ಹೊಸದು ಯಾವುದನ್ನೇ ತಂದರೂ ಮೊದಲು ಮೊಣಕೈ ಒಳಮಡಿಕೆಯಲ್ಲಿ ಕೆಲವು ದಿನ ಹಚ್ಚಿ ನೋಡಿ. ಎರಡು ಹೊಸ ವಸ್ತು ಒಟ್ಟಿಗೆ ಶುರು ಮಾಡಬೇಡಿ, ಉರಿದರೆ ಯಾವುದು ಉರಿಸಿತು ಅಂತಲೇ ಗೊತ್ತಾಗುವುದಿಲ್ಲ. ಡಬ್ಬಿಯ ಮೇಲೆ ಮುಚ್ಚಳ ತೆರೆದ ಪುಟ್ಟ ಡಬ್ಬಿಯ ಚಿತ್ರ, ಅದರಲ್ಲಿ 6 ಅಥವಾ 12 ಅಂತ ಇರುತ್ತದೆ. ತೆರೆದ ಮೇಲೆ ಅಷ್ಟು ತಿಂಗಳು ಬಳಸಬಹುದು ಎಂದು ಅರ್ಥ.

"ಸನ್‌ಸ್ಕ್ರೀನ್ ಹಚ್ಚಿದರೆ ವಿಟಮಿನ್ ಡಿ ಸಿಗಲ್ಲವಂತೆ?" ಅಂತ ಬಹಳ ಜನ ಕೇಳುತ್ತಾರೆ. ನಾವು ದಿನನಿತ್ಯ ಹಚ್ಚುವ ರೀತಿಯಲ್ಲಿ, ಕೈಕಾಲು ತೆರೆದೇ ಇರುವಾಗ, ಬರೀ ಮುಖದ ಸನ್‌ಸ್ಕ್ರೀನ್‌ನಿಂದ ಅದು ಕುಸಿಯುವುದು ಅಪರೂಪ. ಸಂಶಯವಿದ್ದರೆ ರಕ್ತ ಪರೀಕ್ಷೆ ಇದೆ. ಇನ್ನು, ಹಠಾತ್ತನೆ ಬೆಳೆಯುವ, ಬಣ್ಣ ಬದಲಿಸುವ, ರಕ್ತ ಬರುವ ಮಚ್ಚೆ, ಹರಡುತ್ತಾ ಹೋಗುವ ಬಂಗು, ಗುಳಿ ಬೀಳುತ್ತಿರುವ ಮೊಡವೆ ಇದ್ದರೆ ಸೀರಮ್ ಹುಡುಕುತ್ತಾ ಕೂರದೆ ಚರ್ಮದ ಡಾಕ್ಟರ್ ಬಳಿ ಹೋಗಬೇಕು. ದಾವಣಗೆರೆಯಲ್ಲಿ ಎರಡು ಮೆಡಿಕಲ್ ಕಾಲೇಜುಗಳಿವೆ, ಆಸ್ಪತ್ರೆಗೆ ಬೆಂಗಳೂರಿಗೇ ಓಡಬೇಕಿಲ್ಲ.

ಅವತ್ತು ಏಳು ಬಾಟಲಿಯಲ್ಲಿ ಎರಡು ಪೌಚಿಗೆ ವಾಪಸ್ ಹೋದವು. ಡಿಕಾಕ್ಷನ್ ಬಾಟಲಿ ಕಸಕ್ಕೆ. ರೆಟಿನಾಲ್ ನಮ್ಮ ಮನೆಯಲ್ಲೇ ಉಳಿಯಿತು, 45ರ ನನ್ನ ಉಪಯೋಗಕ್ಕೆ. ಉಳಿದ ಮೂರನ್ನು ಯಾರಿಗೆ ಕೊಟ್ಟಳೋ ಗೊತ್ತಿಲ್ಲ. ಮಾರನೇ ದಿನ ಕಾಲೇಜಿಗೆ ಹೊರಡುವ ಮುಂಚೆ ಅವಳಿಂದ ಒಂದು ಫೋಟೋ ಬಂತು. ಎರಡು ಬೆರಳು, ಮೇಲೆ ಎರಡು ಬಿಳಿ ಗೆರೆ. ಕೆಳಗೆ, "ದೊಡ್ಡಮ್ಮ, ಇಷ್ಟೊಂದಾ?"

ಹೌದು, ಕಿವಿ ಮರೀಬೇಡ ಅಂತ ಬರೆದೆ.